ಕಳಿಸಿದ್ದೆಲ್ಲ ಕಲಿಸಿದ್ದಲ್ಲ

ಕನ್ನಡದಲ್ಲಿ ‘ಕಳಿಸು’ ಮತ್ತು ‘ಕಲಿಸು’ ಎಂಬ ಎರಡು ಮಾತುಗಳ ನಡುವೆ ಇರುವ ಅಂತರ ಒಂದೇ ಅಕ್ಷರದ್ದು. ನಾಲಗೆಯನ್ನು ಹಿಂದಕ್ಕೆ ಮಡಚಿದರೆ ಕಳಿಸಿದಂತಾಯಿತು, ಹಲ್ಲಿನ ಬುಡಕ್ಕೆ ತಾಗಿಸಿದರೆ ಕಲಿಸಿದಂತಾಯಿತು. ಎಂಟನೆಯ ತರಗತಿಗೆ ಬಂದರೂ ಲಕಾರ ಳಕಾರಗಳನ್ನು ಅದಲು ಬದಲು ಮಾಡುವ ಮಕ್ಕಳಿಗೆ ನಾನು ಈ ಎರಡು ಪದಗಳನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಈಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಕಾಲ ಬಂದಿದೆ. ಅಲ್ಲಿ ಎರಡಕ್ಕೂ ಒಂದೇ ಕಾಗುಣಿತ. ನಮ್ಮ ಶಿಕ್ಷಕರ ಗುಂಪಿನಲ್ಲಿ ಸಂಜೆಯ ಹೊತ್ತು ‘ಇಂದಿನ ಪಾಠ ಕಲಿಸಲಾಗಿದೆ’ ಎಂದು ಒಬ್ಬರು ಬರೆದರೆ, ಅವರು ಕಲಿಸಿದರೋ ಕಳಿಸಿದರೋ ಓದಿದವರೇ ಊಹಿಸಿಕೊಳ್ಳಬೇಕು. ಬರೆದವರಿಗೂ ಅದು ಖಚಿತವಾಗಿ ಗೊತ್ತಿರುತ್ತದೆಯೇ ಎಂಬ ಸಂಶಯ ನನ್ನನ್ನು ಐದಾರು ವರ್ಷಗಳಿಂದ ಕಾಡುತ್ತಿದೆ.

ತರಗತಿಯ ಪಾಠಕ್ಕೆ ಸಾಮಾಜಿಕ ಜಾಲತಾಣಗಳನ್ನು ಬಳಸಬೇಕು ಎಂಬ ಮಾತು ಈಗ ತರಬೇತಿಗಳಲ್ಲಿ, ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಹೇಳುವವರು ಬಹುಮಟ್ಟಿಗೆ ಊರಿಂದ ದೂರ ಇರುವವರು. ನಾನಿರುವುದು ಅಥಣಿ ತಾಲೂಕಿನ ಅನಂತಪುರದ ಕಡೆ. ಆಡಳಿತಕ್ಕೆ ಬೆಳಗಾವಿ ಜಿಲ್ಲೆ, ಶಾಲೆಯ ಲೆಕ್ಕಕ್ಕೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಜತ್ತ ತಾಲೂಕು, ಅಲ್ಲಿಯೂ ಕನ್ನಡ ಶಾಲೆಗಳುಂಟು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಮರಾಠಿ ಆಡುವವರು ಇದ್ದಾರೆ. ಊರೆಂದರೆ ಮನೆಗಳ ಸಾಲು ಎಂದುಕೊಳ್ಳಬೇಡಿ. ಅರ್ಧ ಊರು ಹೊಲದಲ್ಲಿದೆ. ಒಂದೊಂದು ಮನೆತನದ ತೋಟದ ವಸ್ತಿ, ಅದರ ಹೆಸರಿನಲ್ಲೇ ಒಂದೊಂದು ತೋಟದ ಶಾಲೆ; ಈ ಸೀಮೆಯ ಶಾಲೆಗಳ ಪಟ್ಟಿ ತೆಗೆದು ನೋಡಿದರೆ ‘ತೋಟ’ ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ನಿಮಗೇ ಆಶ್ಚರ್ಯವಾದೀತು. ಜಾಲತಾಣದ ಪಾಠ ನಮ್ಮಲ್ಲಿ ಹೇಗೆ ನಡೆದಿದೆ ಎಂದು ಹೇಳುವಾಗ ಈ ತೋಟಗಳನ್ನು ಮರೆಯುವಂತಿಲ್ಲ.

ದೂರದಿಂದ ಪಾಠ ಕಳಿಸುವ ಆಸೆ ಹೊಸದೇನೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ಟಿವಿಯ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಅದು ಬಂದದ್ದು ಗುಲಬರ್ಗಾ, ರಾಯಚೂರು ಮತ್ತು ನಮ್ಮ ನೆರೆಯ ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳು ಶುರುವಾದವು. ಆಕಾಶವಾಣಿಯ ಪಾಠಗಳಂತೂ ಸರಿಯೇ ಸರಿ. ಇವೆಲ್ಲವೂ ಒಂದು ಕಡೆಯಿಂದ ಹರಿದು ಬರುವ ನೀರು. ರೇಡಿಯೋಕ್ಕೆ ಮಗು ಪ್ರಶ್ನೆ ಕೇಳಲಾರದು, ಟಿವಿಯ ಅಕ್ಕನಿಗೆ ‘ತಿಳೀಲಿಲ್ಲರಿ’ ಎನ್ನಲಾರದು. ವಾಟ್ಸಾಪಿನಂಥ ಸಾಧನ ಬಂದಾಗ ನನಗೆ ಸಂತೋಷವಾದದ್ದು ಅದಕ್ಕೇ. ಇದರಲ್ಲಿ ಮಗು ತಿರುಗಿ ಮಾತಾಡಬಹುದು! ಈಗ ನನ್ನ ತಕರಾರು ಇರುವುದೂ ಅಲ್ಲಿಯೇ. ಎರಡು ದಿಕ್ಕಿನಲ್ಲಿ ಓಡಬಲ್ಲ ಸಾಧನವನ್ನು ನಾವು ಹಳೆಯ ರೇಡಿಯೋ ಮಾಡಿ ಕೂರಿಸಿದ್ದೇವೆ. ರೇಡಿಯೋಕ್ಕಾದರೂ ಹೊತ್ತುಗೊತ್ತು ಇತ್ತು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಏಪ್ರಿಲ್‌ನಲ್ಲಿ ಇಲಾಖೆಯ ‘ಮಕ್ಕಳ ವಾಣಿ’ ಯೂಟ್ಯೂಬ್ ಚಾನೆಲ್ ಬಂತು. ಜೂನ್‌ನಲ್ಲಿ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಆದೇಶ ಮಾಡಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಾರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’. ಇಷ್ಟು ಬೇಗ ಇಷ್ಟು ಹೆಸರುಗಳನ್ನು ಕಲಿಯುವ ಪ್ರಸಂಗ ನಮಗೆ ಸೇವೆಯಲ್ಲಿ ಬೇರೊಮ್ಮೆ ಬಂದಿರಲಿಲ್ಲ.

ಇವುಗಳಲ್ಲಿ ವಿದ್ಯಾಗಮದ ಕುರಿತು ನಾಲ್ಕು ಒಳ್ಳೆಯ ಮಾತು ಆಡಲೇಬೇಕು. ಮಕ್ಕಳನ್ನು ಮೂರು ಪಟ್ಟಿ ಮಾಡಿರಿ ಎಂದು ಅದು ಹೇಳಿತು: ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಸಾದಾ ಫೋನು ಉಳ್ಳವರು, ಏನೂ ಇಲ್ಲದವರು. ಏನೂ ಇಲ್ಲದವರ ಹತ್ತಿರ ಶಿಕ್ಷಕರೇ ಹೋಗಬೇಕು. ಗುಡಿಯ ಪೌಳಿ, ಸಮುದಾಯ ಭವನ, ಬೇವಿನ ಗಿಡದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ವಠಾರ ಶಾಲೆ. ಆ ಮೂರು ಪಟ್ಟಿ ಮಾಡಲು ಹೊರಟಾಗಲೇ ನಮಗೆ ನಮ್ಮ ಊರಿನ ನಿಜ ತಿಳಿದದ್ದು. ಫೋನ್ ‘ಇದೆ’ ಎಂದು ಬರೆಸಿದ ಮನೆಯಲ್ಲಿ ಅದು ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಅಪ್ಪ ಬೆಳಿಗ್ಗೆ ಹೋದರೆ ರಾತ್ರಿ ಬರುವವನು. “ಫೋನ್ ಅಣ್ಣನ ಕೂಡ ಮಿರಜಕ್ಕ ಹೋಗೈತ್ರಿ ಅಕ್ಕೋರ” ಎಂದು ಒಬ್ಬ ಹುಡುಗಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಫೋನ್ ಇದೆ, ಇಂಟರ್‌ನೆಟ್ ಇದೆ, ಅದು ಮಿರಜದಲ್ಲಿದೆ. ಅವಳನ್ನು ಯಾವ ಪಟ್ಟಿಗೆ ಸೇರಿಸುವುದು? ಮೂರರಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಿದರು. ಹೊಸ ರೂಪದಲ್ಲಿ ಅದು 2021ರ ಜನವರಿಯಲ್ಲಿ ಮರಳಿ ಬಂದದ್ದು ಶಾಲೆಯ ಅಂಗಳಕ್ಕೆ. ಆ ಪಟ್ಟಿ ಮಾಡುವ ಪದ್ಧತಿ, ಮನೆ ಮನೆ ತಿರುಗುವ ಪದ್ಧತಿ ಕ್ರಮೇಣ ಹಿಂದೆ ಬಿದ್ದವು. ಉಳಿದುಕೊಂಡದ್ದು ವಾಟ್ಸಾಪ್ ಗುಂಪು. ಸಾಂಕ್ರಾಮಿಕದ ಕಾಲದ ಎಷ್ಟೋ ಏರ್ಪಾಟುಗಳಲ್ಲಿ ನಡೆದು ದಣಿಯಬೇಕಾದುದನ್ನು ಬಿಟ್ಟು ಕುಳಿತು ಮಾಡಬಹುದಾದುದನ್ನು ನಾವು ಇಟ್ಟುಕೊಂಡೆವು.

ಪುಸ್ತಕಗಳ ವಿಮರ್ಶೆ ಮಾಡುವಂತೆ ಒಂದು ತರಗತಿಯ ಗುಂಪನ್ನೂ ಯಾಕೆ ವಿಮರ್ಶೆ ಮಾಡಬಾರದು? ಅದೂ ಒಂದು ಬರಹವೇ, ಎಪ್ಪತ್ತು ಎಂಬತ್ತು ಜನ ಸೇರಿ ದಿನಾ ಬರೆಯುವ ಬರಹ. ಒಂದು ದಿನದ ಪುಟವನ್ನು ಮೇಲಿನಿಂದ ಕೆಳಗೆ ಓದೋಣ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಶುಭೋದಯ, ಯಾವ ಪಾಲಕರೋ ಕಳಿಸಿದ್ದು. ಅದರ ಕೆಳಗೆ ಇನ್ನೆರಡು ಗುಲಾಬಿ, ಒಬ್ಬ ದೇವರು. ಎಂಟಕ್ಕೆ ಗಣಿತದ ಒಂದು ಪುಟದ ಫೋಟೋ, ಒಂದು ಮೂಲೆಯಲ್ಲಿ ಶಿಕ್ಷಕರ ಹೆಬ್ಬೆರಳು. ಹತ್ತಕ್ಕೆ ಯೂಟ್ಯೂಬ್ ಕೊಂಡಿ. ಹನ್ನೊಂದಕ್ಕೆ ಇನ್ನೊಂದು ಕೊಂಡಿ, ‘ಎಲ್ಲರೂ ತಪ್ಪದೆ ನೋಡುವುದು’ ಎಂಬ ಅಪ್ಪಣೆ. ಮಧ್ಯಾಹ್ನ ಯಾರದೋ ಸಿಮ್ ಕಳೆದ ಸುದ್ದಿ, ಟೊಮೆಟೊ ದರ. ಸಂಜೆ ಮನೆಗೆಲಸದ ಫೋಟೋಗಳು, ಅಡ್ಡ, ಉದ್ದ, ತಲೆಕೆಳಗಾಗಿ, ಅರ್ಧ ನೆರಳು ಬಿದ್ದು. ಐದು ಮಕ್ಕಳು ಬರೆದ ಉತ್ತರದಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿ. ಮೊದಲು ಕಳಿಸಿದವನ ಹಾಳೆ ನೋಡಿ ಉಳಿದವರು ಬರೆದಿದ್ದಾರೆ. ಗುಂಪಿನಲ್ಲಿ ಎಲ್ಲರ ಹಾಳೆ ಎಲ್ಲರಿಗೂ ಕಾಣುವಾಗ ನಕಲು ಎನ್ನುವುದಾದರೂ ಹೇಗೆ? ಕಡೆಗೆ, ಪಾಠಕ್ಕೆ ಪ್ರತಿಯಾಗಿ ಬಂದ ಹೆಬ್ಬೆರಳುಗಳು. ಒಂದು, ಎರಡು, ಹತ್ತು, ಇಪ್ಪತ್ತು ಹಳದಿ ಹೆಬ್ಬೆರಳು.

ಈ ಹೆಬ್ಬೆರಳನ್ನು ನೋಡಿದಾಗ ನನಗೆ ನಗುವೂ ಬರುತ್ತದೆ, ಒಂದು ಬಗೆಯ ವ್ಯಥೆಯೂ ಆಗುತ್ತದೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಾವೆಲ್ಲ ಹರೆಯದವರು. ಕಂದೀಲು ಹಿಡಿದುಕೊಂಡು ಹೋಗಿ ಹೆಂಗಸರಿಗೆ ಹೆಸರು ಬರೆಯಲು ಕಲಿಸುತ್ತಿದ್ದೆವು. ಹೆಬ್ಬೆಟ್ಟು ಒತ್ತುವುದು ಬಿಡಿಸಿ ಸಹಿ ಹಾಕಿಸುವುದೇ ಆಗಿನ ಹಟ. ರೇಷನ್ ಅಂಗಡಿಯಲ್ಲಿ ಮೊದಲ ಸಲ ತನ್ನ ಹೆಸರು ಗೀಚಿದ ಅಜ್ಜಿಯೊಬ್ಬಳು ಆ ಪೆನ್ನನ್ನು ಸೆರಗಿಗೆ ಒರೆಸಿ ತಿರುಗಿ ಕೊಟ್ಟಿದ್ದಳು. ಅವಳ ಮೊಮ್ಮಕ್ಕಳು ಈಗ ಹತ್ತನೆಯ ತರಗತಿಯ ಪಾಠಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ನಾವು ಅದನ್ನು ಎಣಿಸಿ ‘ಹಾಜರಿ ಚೆನ್ನಾಗಿದೆ’ ಎಂದು ಮೇಲಕ್ಕೆ ವರದಿ ಮಾಡುತ್ತಿದ್ದೇವೆ.

ಹೀಗಾದದ್ದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಗುಲಾಬಿಗಳ ಕಾಟ ತಡೆಯಲಾರದೆ ಬಹಳಷ್ಟು ಗುಂಪುಗಳಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಬೀಗ ಹಾಕಿಬಿಟ್ಟರು. ಗದ್ದಲ ನಿಂತಿತು, ನಿಜ. ಅದರ ಜೊತೆಗೆ ಮಗುವಿನ ಬಾಯಿಯೂ ನಿಂತಿತು. ತರಗತಿಯಲ್ಲಿ ಗಲಾಟೆ ಮಾಡುತ್ತಾರೆಂದು ಮಕ್ಕಳನ್ನು ಹೊರಗೆ ಹಾಕಿ ಬೋರ್ಡಿಗೆ ಪಾಠ ಹೇಳುವ ಮೇಷ್ಟರನ್ನು ನೀವು ಕಂಡಿದ್ದೀರಾ? ಬೀಗ ಹಾಕಿದ ಗುಂಪು ನನಗೆ ಹಾಗೆ ಕಾಣುತ್ತದೆ. ಬೋರ್ಡು ತುಂಬುತ್ತದೆ, ಸುಣ್ಣದ ಬಳಪ ಸವೆಯುತ್ತದೆ, ಕೋಣೆಯಲ್ಲಿ ಯಾರೂ ಇಲ್ಲ.

ಇದೇ ಸಾಧನ ಶಿಕ್ಷಕರ ಕೈಯಲ್ಲಿ ಬೇರೆ ರೀತಿ ನಡೆದದ್ದೂ ಉಂಟು. ವಾಟ್ಸಾಪ್ ಇಷ್ಟು ಹಬ್ಬುವ ಮುಂಚೆಯೇ, 2011ರ ಸುಮಾರಿಗೆ, ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲೆಯ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದ್ದರು. ಎಸ್‌ಟಿಎಫ್ ಎಂದರೆ ನಮ್ಮವರಿಗೆ ತಿಳಿಯುತ್ತದೆ. ಒಂದು ಲೆಕ್ಕ ಬಿಡಿಸಲು ಬಾರದ ಹಳ್ಳಿಯ ಶಿಕ್ಷಕ ಅಲ್ಲಿ ನಾಚದೆ ಕೇಳಬಹುದಿತ್ತು; ಬೀದರಿನಿಂದಲೋ ಮಂಡ್ಯದಿಂದಲೋ ಇನ್ನೊಬ್ಬರು ಉತ್ತರ ಬರೆಯುತ್ತಿದ್ದರು. ಕೇಳುವವನು ಇದ್ದುದರಿಂದ ಹೇಳುವವನಿಗೆ ಬೆಲೆ ಇತ್ತು. ನಾವು ಶಿಕ್ಷಕರು ನಮಗಾಗಿ ಇಟ್ಟುಕೊಂಡ ಆ ಸವಲತ್ತನ್ನು ಮಕ್ಕಳಿಗೆ ಕೊಡಲಿಲ್ಲವಲ್ಲ ಎಂಬುದೇ ನನ್ನ ಆಕ್ಷೇಪ.

ಇನ್ನು ಫೋನ್ ಯಾರದು ಎಂಬ ಮಾತು. ತಾಯಂದಿರಾದ ನೀವು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಗ್ರಾಮೀಣ ಮಕ್ಕಳ ಕಲಿಕೆಯ ಬಗ್ಗೆ ‘ಅಸರ್’ ಎಂಬ ದೇಶವ್ಯಾಪಿ ಸಮೀಕ್ಷೆ ಇದೆ. ಅದರ 2024ರ ವರದಿಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಅದನ್ನು ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಫೋನ್ ಬಳಸಲು ಬಲ್ಲ ಮಕ್ಕಳ ಪೈಕಿ ತನ್ನದೇ ಫೋನ್ ಇರುವ ಹುಡುಗರು ನೂರಕ್ಕೆ 36, ಹುಡುಗಿಯರು 27. ದೇಶದ ಲೆಕ್ಕ ಹೀಗಿದ್ದರೆ ನಮ್ಮ ತೋಟದ ವಸ್ತಿಗಳ ಲೆಕ್ಕ ಹೇಗಿರಬಹುದು, ನೀವೇ ಯೋಚಿಸಿ. ಹುಡುಗಿಯ ಪಾಠ ಅಣ್ಣನ ಫೋನಿಗೆ ಬರುತ್ತದೆ. ಅಣ್ಣ ಮನೆಗೆ ಬಂದು, ಊಟ ಮಾಡಿ, ತನ್ನ ರೀಲ್ಸ್ ನೋಡಿ ಮುಗಿಸಿ, ಬ್ಯಾಟರಿ ಉಳಿದಿದ್ದರೆ ಅವಳಿಗೆ ಕೊಡುತ್ತಾನೆ. ಕೊಟ್ಟ ಮೇಲೂ ಹಿಂದೆ ನಿಂತು ಇಣುಕುತ್ತಾನೆ. ಹುಡುಗಿ ಪ್ರಶ್ನೆ ಕೇಳಬೇಕೆಂದರೆ ಅಣ್ಣನ ಹೆಸರಿನಲ್ಲಿ, ಅಣ್ಣನ ಫೋಟೋದ ಕೆಳಗೆ ಕೇಳಬೇಕು. ಕೇಳುವುದಿಲ್ಲ.

ಅವಳದೇ ನಂಬರು ಇದ್ದರೆ ಸುಖವೇ? ಗುಂಪಿಗೆ ಸೇರಿಸಿದ ಕೂಡಲೇ ಅದು ಎಪ್ಪತ್ತು ಮನೆಗಳ ಗಂಡಸರ ಕಣ್ಣಿಗೆ ಬೀಳುತ್ತದೆ. ಬೇರೆ ಊರಿನ ಒಂದು ಶಾಲೆಯ ಗುಂಪಿನಿಂದ ನಂಬರ್ ತೆಗೆದುಕೊಂಡು ಹುಡುಗಿಯೊಬ್ಬಳಿಗೆ ರಾತ್ರಿ ಸಂದೇಶ ಕಳಿಸುತ್ತಿದ್ದವನ ಕತೆ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿದೆ. ತಪ್ಪು ಮಾಡಿದವನು ಫೋನ್ ಇಟ್ಟುಕೊಂಡ. ಫೋನ್ ಹೋದದ್ದು ಹುಡುಗಿಯ ಕೈಯಿಂದ. ಕೆಲ ದಿನ ಶಾಲೆಯೂ ಹೋಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಬೇಕಾದರೆ ತಂದೆತಾಯಿಯ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಶಾಲೆಯ ಗುಂಪು ಮಾಡುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರೇ? ಮಗಳು ಬಹುಮಾನ ತೆಗೆದುಕೊಂಡ ಫೋಟೋವನ್ನು ಹೆಸರು, ತರಗತಿ, ಊರು ಸಮೇತ ಫೇಸ್‌ಬುಕ್ಕಿಗೆ ಏರಿಸುವಾಗ ಕೇಳಿದ್ದರೇ?

ಒಂದು ಪ್ರಸಂಗ ಹೇಳುತ್ತೇನೆ. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದು ಶಾಲೆಗಳು ಮತ್ತೆ ಮುಚ್ಚಿದ್ದವು. ಹತ್ತನೆಯ ತರಗತಿಯ ಗುಂಪಿನ ನಡುವೆ ಒಂದು ದಿನ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು, ಇಂಥ ನಂಬರಿನವರು ಗುಂಪಿನಿಂದ ಹೊರಹೋದರು ಎಂದು. ಆ ಸಾಲಿನ ಮೇಲೆ ಶುಭೋದಯದ ಹೂವುಗಳು ಬಿದ್ದು ಅದು ಮುಚ್ಚಿಹೋಯಿತು. ಎಪ್ಪತ್ತು ನಂಬರಿನಲ್ಲಿ ಒಂದು ಕಡಿಮೆಯಾದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ತರಗತಿಯಲ್ಲಿ ಹಾಗಲ್ಲ. ಮೂರನೆಯ ಬೆಂಚಿನ ಗೋಡೆ ಬದಿ ಖಾಲಿ ಇದ್ದರೆ ಬಾಗಿಲಲ್ಲಿ ಕಾಲಿಡುವಾಗಲೇ ಎದೆಗೆ ತಟ್ಟುತ್ತದೆ. ನನ್ನ ಹತ್ತಿರ ವಿದ್ಯಾಗಮದ ಕಾಲದ ಕಾಗದದ ಪಟ್ಟಿ ಇತ್ತು. ಅದನ್ನು ಹಿಡಿದು ನಂಬರು ಯಾರದೆಂದು ನೋಡಿದೆ. ಒಬ್ಬ ಹುಡುಗಿಯ ಅಣ್ಣನದು. ಅಣ್ಣ ಸಿಮ್ ಬದಲಿಸಿದ್ದಾನೆ, ಅಷ್ಟೇ ಇರಬಹುದು. ಆದರೂ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಅವರ ವಸ್ತಿಗೆ ಹೋದೆ. ಅಲ್ಲಿ ಹುಡುಗಿಗೆ ಗಂಡು ಗೊತ್ತು ಮಾಡುವ ಮಾತು ನಡೆದಿತ್ತು. ಹದಿನಾರು ತುಂಬದ ಹುಡುಗಿ. “ಸಾಲಿ ಅಂತೂ ಬಂದ್ ಐತ್ರಿ, ಮನ್ಯಾಗ ಕುಂತು ಏನ್ ಮಾಡ್ತಾಳ?” ಎಂದಳು ತಾಯಿ. ಸಿಟ್ಟಿನಿಂದ ಅಂದದ್ದಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ನಾವು ಗುಂಪಿಗೆ ದಿನಾ ನಾಲ್ಕು ವಿಡಿಯೋ ಕಳಿಸುತ್ತಿದ್ದೆವು. ಆ ತಾಯಿಯ ಲೆಕ್ಕದಲ್ಲಿ ಶಾಲೆ ಬಂದ್ ಆಗಿತ್ತು. ಅವಳ ಲೆಕ್ಕವೇ ಸರಿ. ಎರಡು ಸಲ ಹೋಗಿ, ಕಾನೂನಿನ ಮಾತನ್ನೂ ಮಗಳ ಅಂಕದ ಮಾತನ್ನೂ ಹೇಳಿ ಬಂದೆವು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನ ನಡೆಯಿತಲ್ಲ, ಅದಕ್ಕೆ ಅವಳು ಬಂದು ಕುಳಿತಳು. ಈಗ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ.

ಶಿಕ್ಷಕಿಯರ ಕಡೆಯ ಮಾತನ್ನೂ ಒಂದಿಷ್ಟು ಆಡುತ್ತೇನೆ. ಗುಂಪು ಬಂದ ಮೇಲೆ ನಮ್ಮ ಶಾಲೆಗೆ ಗಂಟೆಯೇ ಇಲ್ಲ. ರಾತ್ರಿ ಹತ್ತಕ್ಕೆ ‘ಮೇಡಂ, ನಾಳೆ ಯಾವ ಡ್ರೆಸ್?’ ಎಂದು ಸಂದೇಶ ಬರುತ್ತದೆ. ಗಂಡು ಶಿಕ್ಷಕರಿಗೆ ಬರುವುದಿಲ್ಲ ಎಂದಲ್ಲ. ಅವರು ಉತ್ತರ ಕೊಡದಿದ್ದರೆ ‘ಸರ್ ಬಿಜಿ ಇರಬೇಕು’ ಎನ್ನುತ್ತಾರೆ, ನಾವು ಕೊಡದಿದ್ದರೆ ‘ನೋಡಿಯೂ ಸುಮ್ಮನಿದ್ದಾರೆ, ನೀಲಿ ಗೆರೆ ಬಂದಿದೆ’ ಎನ್ನುತ್ತಾರೆ. ಒಲೆಯ ಮೇಲೆ ಪಲ್ಯ, ಕೈಯಲ್ಲಿ ಫೋನು. ಇನ್ನು ಮೇಲಿನವರಿಗೆ ಪುರಾವೆ ಬೇಕು. ಗಿಡ ನೆಟ್ಟ ಫೋಟೋ, ಹಾಲು ಕುಡಿಸಿದ ಫೋಟೋ, ಪಾಠ ಮಾಡಿದ ಫೋಟೋ. ಪಾಠದ ನಡುವೆ ‘ಎಲ್ಲರೂ ಪುಸ್ತಕ ತೆಗೆದು ಈ ಕಡೆ ನೋಡಿ’ ಎಂದು ಹೇಳಿ ಕ್ಲಿಕ್ ಮಾಡಿದರೆ, ಪುಸ್ತಕದಿಂದ ಕಣ್ಣು ತೆಗೆದ ಮಕ್ಕಳ ಚಿತ್ರವೇ ಓದುವ ಮಕ್ಕಳ ಚಿತ್ರವಾಗಿ ಹೋಗುತ್ತದೆ.

ವಿಡಿಯೋ ಪಾಠಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದು ತೋರಿಸಲಾರೆ, ಒಂದು ನಿಮಿಷದ ವಿಡಿಯೋ ತೋರಿಸುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಚೌಕಗಳೂ ದೀಕ್ಷಾ ಆ್ಯಪೂ ಅದಕ್ಕೆ ಅನುಕೂಲ. ನಾನು ಹೇಳುವುದಿಷ್ಟೇ: ತೋರಿಸುವಾಗ ನಡುವೆ ನಿಲ್ಲಿಸಿ ‘ಈಗ ಏನಾಗುತ್ತದೆ?’ ಎಂದು ಕೇಳುವವರೊಬ್ಬರು ಪಕ್ಕದಲ್ಲಿರಬೇಕು. ಕೊಂಡಿ ಕಳಿಸಿ ಕೈ ತೊಳೆದುಕೊಂಡರೆ ಆ ವಿಡಿಯೋದ ಪಕ್ಕದಲ್ಲೇ ಕಾಯುತ್ತಿರುವ ಸಿನಿಮಾ ಹಾಡು ಗೆಲ್ಲುತ್ತದೆ. ನಮಗೂ ಹಾಡೇ ಇಷ್ಟ, ಮಕ್ಕಳನ್ನು ಅಂದು ಪ್ರಯೋಜನವೇನು?

ಹಾಗಾದರೆ ಇದನ್ನೆಲ್ಲ ಬಂದ್ ಮಾಡಿಬಿಡಬೇಕೇ? ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಂಥ ಜಾಲತಾಣಗಳಲ್ಲಿ ಖಾತೆ ಇರಬಾರದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಯಾಗಿದೆ. ಅಲ್ಲಿ ಮಗುವಿಗೊಂದು ಫೋನು, ಖಾತೆಗೊಬ್ಬ ಒಡೆಯ. ನಮ್ಮಲ್ಲಿ ಅಪ್ಪನ ಫೋನಿನಲ್ಲಿ ಅಣ್ಣನ ಖಾತೆಯಿಂದ ತಂಗಿ ನೋಡುವವಳು. ಯಾವ ಕಾನೂನು ಯಾರನ್ನು ಹಿಡಿದೀತು? ಮಕ್ಕಳು ಜಾಲದಲ್ಲಿ ಹೇಗಿದ್ದರೂ ಇದ್ದಾರೆ. ಜಾಲವನ್ನು ಪಾಠ ಹೊರುವ ಗಾಡಿ ಮಾಡುವುದಕ್ಕಿಂತ, ಜಾಲವನ್ನೇ ಒಂದು ಪಾಠ ಮಾಡುವುದು ಹೆಚ್ಚು ಅವಶ್ಯ ಎಂದು ನಾನು ನಂಬಿದ್ದೇನೆ. ಅದಕ್ಕೆ ತರಗತಿಯಲ್ಲಿ ಒಂದೂ ಫೋನ್ ಬೇಕಾಗಿಲ್ಲ.

2018ರ ಜುಲೈ 13ರಂದು ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ನಡೆದದ್ದನ್ನು ನಾನು ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಹೇಳುತ್ತೇನೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಯಾರೋ ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು. ಕಾರು ಮುರ್ಕಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ದಾರಿಗೆ ಅಡ್ಡ ಹಾಕಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಒಬ್ಬ ತರುಣ ಸತ್ತ, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಲೇ ಕಳಿಸಲಾಗದಂತೆ ವಾಟ್ಸಾಪ್ ನಮ್ಮ ದೇಶದಲ್ಲಿ ಮಿತಿ ಹಾಕಿದ್ದು ಇಂಥ ಸಾವುಗಳು ಸಾಲಾಗಿ ನಡೆದ ಆ ವರ್ಷವೇ. ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ. ತರಗತಿಯೂ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, “ಚಾಕಲೇಟ್ ಇಸ್ಕೊಂಡ ಹುಡುಗರು ಈಗ ಎಲ್ಲಿ ಅದಾರ್ರಿ?” ನನ್ನಲ್ಲಿ ಉತ್ತರವಿಲ್ಲ. ಆದರೆ ಅಂಥ ಪ್ರಶ್ನೆ ಯಾವ ಗುಂಪಿನಲ್ಲೂ ನನಗೆ ಬಂದಿಲ್ಲ.

ಅದರ ಮರುದಿನ ಹಗುರವಾದ ಪಾಠ. ಮಳೆಗಾಲದಲ್ಲಿ ನಮ್ಮ ಗುಂಪುಗಳಲ್ಲಿ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶದ ಪ್ರತಿ ಹಾರಾಡುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಅಥಣಿಯ ನದಿ ದಂಡೆಯ ಊರುಗಳು ಮುಳುಗಿದಾಗ ರಜೆ ಕೊಟ್ಟಿದ್ದು ನಿಜ. ಹಳೆಯ ಆದೇಶವನ್ನೇ ಯಾರಾದರೂ ಮತ್ತೆ ಹರಿಯಬಿಡುತ್ತಾರೆ. ನಾನು ಅಂಥದೊಂದನ್ನು ಬೋರ್ಡಿನ ಮೇಲೆ ಇದ್ದಕ್ಕಿದ್ದಂತೆ ಬರೆಯುತ್ತೇನೆ. ದಿನಾಂಕ ಯಾವುದು? ಸಹಿ ಯಾರದು? ಆ ಹುದ್ದೆಯಲ್ಲಿ ಈಗ ಅವರೇ ಇದ್ದಾರೆಯೇ? ಯಾವ ಯಾವ ತಾಲೂಕಿಗೆ ಅಂತ ಇದೆ? ಇದನ್ನು ಮೊದಲು ಕಂಡವರು ಯಾರು, ಅವರಿಗೆ ಯಾರಿಂದ ಬಂತು? ಮಕ್ಕಳು ಸಂಜೆ ಮನೆಯಲ್ಲಿ, ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ವಿಚಾರಿಸಿಕೊಂಡು ಬರುತ್ತಾರೆ. ಆದೇಶ ಸುಳ್ಳೆಂದು ಸಿದ್ಧವಾದಾಗ ಇಡೀ ತರಗತಿಗೆ ಆಗುವ ನಿರಾಸೆಯನ್ನು ನೀವು ನೋಡಬೇಕು! ರಜೆಯ ಆಸೆಯನ್ನು ಬದಿಗಿಟ್ಟು ನಿಜ ಹುಡುಕುವುದೆಂದರೆ ಹದಿನಾಲ್ಕರ ವಯಸ್ಸಿಗೆ ಅದೇನು ಸಣ್ಣ ತ್ಯಾಗವೇ?

ಗುಂಪನ್ನು ನಾನು ಪೂರ್ತಿ ಬಿಟ್ಟಿಲ್ಲ. ಅದರಲ್ಲಿ ರಜೆಯ ಸುದ್ದಿ, ಪರೀಕ್ಷೆಯ ವೇಳಾಪಟ್ಟಿ ಮಾತ್ರ. ಸಾಧ್ಯವಾದಷ್ಟು ತಾಯಂದಿರ ನಂಬರು. ಪಾಠಕ್ಕೆ ಬೇರೆ ದಾರಿ ಹಿಡಿದಿದ್ದೇನೆ. ದಿನಕ್ಕೆ ಐದು ಮಕ್ಕಳು, ಸಂಜೆ ಆರರಿಂದ ಏಳರೊಳಗೆ, ತಮಗೆ ಬೇಕಾದ ಒಂದು ಪುಟವನ್ನು ಗಟ್ಟಿಯಾಗಿ ಓದಿ ಧ್ವನಿ ಸಂದೇಶ ಮಾಡಿ ನನಗೊಬ್ಬಳಿಗೇ ಕಳಿಸಬೇಕು. ಫೋನ್ ಸಿಗದವರು ಮರುದಿನ ಶಾಲೆಯಲ್ಲೇ ನನ್ನೆದುರು ಓದುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿನ ದನಿಯನ್ನು ಎರಡು ನಿಮಿಷ ಕೇಳುವುದು ನನಗೆ ಸಾಧ್ಯವಿರಲಿಲ್ಲ. ಮರಾಠಿಯಲ್ಲಿ ಎಕಾರ, ಒಕಾರಗಳಿಗೆ ಹ್ರಸ್ವ ದೀರ್ಘದ ಭೇದವಿಲ್ಲ; ಹಾಗಾಗಿ ಮರಾಠಿ ಮನೆಯ ಮಗು ‘ಕೊಡು’ ಎಂಬುದನ್ನು ‘ಕೋಡು’ ಎಂದು ಓದುತ್ತದೆ, ‘ಎರಡು’ ಎಂಬುದು ‘ಏರಡು’ ಆಗುತ್ತದೆ. ತರಗತಿಯಲ್ಲಿ ತಿದ್ದಿದರೆ ಉಳಿದವರು ನಗುತ್ತಾರೆ, ಅದು ಮತ್ತೆ ಬಾಯಿ ಬಿಡುವುದಿಲ್ಲ. ಈಗ ನಾನು ಅದರ ಹೆಸರು ಹಿಡಿದು, ಅದೇ ಪದವನ್ನು ನಿಧಾನವಾಗಿ ಹೇಳಿ ತಿರುಗಿ ಕಳಿಸುತ್ತೇನೆ. ಮಗು ಹತ್ತು ಸಲ ಕೇಳಿಕೊಳ್ಳುತ್ತದೆ. ನಗುವವರು ಯಾರೂ ಇಲ್ಲ. ಇಲ್ಲಿ ಕಳಿಸುವುದೂ ಕಲಿಸುವುದೂ ಒಂದಾಗುತ್ತವೆ, ಏಕೆಂದರೆ ಮೊದಲು ಕಳಿಸಿದ್ದು ಮಗು.

ಇದು ಎಲ್ಲರಿಗೂ ಮಾಡಲಾಗುವ ಕೆಲಸವಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಐದು ಮಕ್ಕಳಿಗೆ ಅರ್ಧ ಗಂಟೆ ಬೇಕು, ನಿಜ. ಎಪ್ಪತ್ತು ಗುಲಾಬಿ ನೋಡಲು ಎಷ್ಟು ಬೇಕು ಎಂದು ನಾನು ಕೇಳುತ್ತೇನೆ.

ಹೋದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ದೀಪಾವಳಿ ಮುಗಿಯುತ್ತಲೇ ತಂದೆತಾಯಿಯ ಜೊತೆ ಕಬ್ಬು ಕಡಿಯುವ ಟೋಳಿಯ ಹಿಂದೆ ಹೋದಳು. ಅವರ ಹತ್ತಿರ ಇದ್ದದ್ದು ಸಾದಾ ಫೋನು. ಟೋಳಿಯ ಮುಕಾದಮನಿಗೆ ಸ್ಮಾರ್ಟ್‌ಫೋನ್ ಇತ್ತು. ಅವನನ್ನು ಕಂಡು ವಾರಕ್ಕೆ ಎರಡು ಸಲ ಆ ಹುಡುಗಿಯ ಕೈಗೆ ಫೋನ್ ಕೊಡಬೇಕೆಂದು ಕೇಳಿಕೊಂಡೆ. ಮೊದಲು ನಕ್ಕ, ಆಮೇಲೆ ಕೊಟ್ಟ. ಅವಳ ಓದಿನ ಹಿಂದೆ ಟ್ರ್ಯಾಕ್ಟರಿನ ಹಾಡು, ಎತ್ತಿನ ಗೆಜ್ಜೆ, ಯಾರೋ ಕೂಗುವುದು ಎಲ್ಲ ಕೇಳಿಸುತ್ತಿತ್ತು. ಒಂದು ಸಲ ಪಾಠದ ಬದಲು, ಗಾಡಿಗೆ ಎಷ್ಟು ಕಬ್ಬು, ಟನ್ನಿಗೆ ಎಷ್ಟು ಕೂಲಿ, ಮುಂಗಡದಲ್ಲಿ ಎಷ್ಟು ಮುರಿದರು ಎಂಬ ಲೆಕ್ಕವನ್ನು ತಾನೇ ಮಾಡಿ ಹೇಳಿದ್ದಳು. ಮುಕಾದಮ ಅದನ್ನು ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಯುಗಾದಿಗೆ ತಿರುಗಿ ಬಂದಾಗ ಅವಳ ಓದು ಊರಲ್ಲೇ ಇದ್ದ ಮಕ್ಕಳಿಗಿಂತ ಒಂದು ಪುಟ ಮುಂದೆಯೇ ಇತ್ತು. ಈ ದೀಪಾವಳಿಗೆ ಟೋಳಿ ಮತ್ತೆ ಹೊರಡುತ್ತದೆ, ಈ ಸಲ ಮುಕಾದಮ ಬೇರೆಯವನಂತೆ. ಅವನ ನಂಬರು ಕೇಳಿಟ್ಟುಕೊಂಡಿದ್ದೇನೆ.